ಆತಂಕಕ್ಕೆ ಮಾತಿನ ಚಿಕಿತ್ಸೆ

ಮಾನ್ಯ ಸಂಪಾದಕರೇ,

ಕೌನ್ಸೆಲಿಂಗ್‌ಗೆ ಹೋಗುತ್ತೇನೆ ಅಂದರೆ ‘ಸುಮ್ನೆ ಮಾತಾಡೋಕೆ ದುಡ್ಡು ಯಾಕೆ ಕೊಡಬೇಕು?’ ಎನ್ನುವವರೇ ಜಾಸ್ತಿ. ಇದು ನನಗೆ ತುಂಬಾ ಬೇಸರ ತರುತ್ತದೆ. 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ಮಾತಿನ ಚಿಕಿತ್ಸೆಯ ವಿಧಾನವನ್ನೇ ನೋಡಿ. ‘ಹೊಸ ಕೆಲಸದಲ್ಲಿ ಒಂದು ತಪ್ಪಾದರೂ ನನ್ನನ್ನು ತೆಗೆದೇ ಬಿಡುತ್ತಾರೆ’ ಎಂದುಕೊಂಡು ಒಬ್ಬರ ಎದೆ ಡವಗುಟ್ಟುತ್ತದೆ ಅನ್ನಿ. ಚಿಕಿತ್ಸಕರು ಆ ಯೋಚನೆಯನ್ನು ಹಾಳೆಯ ಮೇಲೆ ಬರೆಸುತ್ತಾರೆ. ಅದಕ್ಕೆ ಆಧಾರ ಏನಿದೆ, ವಿರುದ್ಧ ಏನಿದೆ ಎಂದು ಜೊತೆಗೆ ಕೂತು ನೋಡುತ್ತಾರೆ. ಹೆದರಿ ಮುಂದೂಡಿದ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿಸುತ್ತಾರೆ.

ಮದುವೆ, ವಿಚ್ಛೇದನ, ನಿವೃತ್ತಿ, ಹತ್ತಿರದವರ ಸಾವು – ಇಂಥ ಬದಲಾವಣೆಗಳಲ್ಲೂ ಆತಂಕ ಬರಬಹುದು. ಖುಷಿಯ ಬದಲಾವಣೆಯೂ ನಿದ್ದೆ ಕೆಡಿಸುತ್ತದೆ, ಅಲ್ವಾ? ಮನೆಯವರ ಪ್ರೀತಿ ಬೇಕೇ ಬೇಕು. ಗುಟ್ಟು ಕಾಪಾಡಿ, ತಪ್ಪು ಎಣಿಸದೆ ಕೇಳಲು ತರಬೇತಿ ಪಡೆದವರೂ ಬೇಕು. ಕೆಲವರಿಗೆ ಜೊತೆಗೆ ಔಷಧಿಯೂ ಬೇಕಾಗುತ್ತದೆ. ದಯವಿಟ್ಟು ಹೋಗುವವರನ್ನು ಆಡಿಕೊಳ್ಳಬೇಡಿ.

– ಒಬ್ಬ ಓದುಗ