ಕಡಲಿಗೆ ಎದುರಾದ ಗೋಡೆ: ಲೌಂಜ್ ವಿನ್ಯಾಸ ಮಾಡುತ್ತಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ನಕ್ಷೆ ನೋಡಿದೆ. ಹಡಗಿನ ಮೂತಿಯ ಕಡೆ ಪೂರ್ತಿ ಗಾಜು, ಎದುರು ಗೋಡೆಗೆ ದೊಡ್ಡ ಚಿತ್ರ. ‘ಕ್ವೀನ್ ಮೇರಿ’ ಹಡಗಿನ ಅಬ್ಸರ್ವೇಶನ್ ಬಾರ್‌ನಲ್ಲೂ, ಅಂದರೆ ಕಡಲು ನೋಡುತ್ತ ಕೂರುವ ಬಾರ್‌ನಲ್ಲೂ, ಹೀಗೇ. 1936ರ ಮೇ ತಿಂಗಳಲ್ಲಿ ಮೊದಲ ಯಾನಕ್ಕೆ ಹೊರಟ ಆ ಹಡಗು 1967ರಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿದೆ. ಮುಂದೆ ಅರ್ಧವೃತ್ತಾಕಾರದ ಕಿಟಕಿಗಳು, ಹಿಂದೆ ಬಾರ್, ಅದರ ಮೇಲೆ ಎ. ಆರ್. ಥಾಮ್ಸನ್ ಬರೆದ ಚಿತ್ರ: 1935ರಲ್ಲಿ ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಪಟ್ಟಕ್ಕೇರಿ 25 ವರ್ಷ ತುಂಬಿದ ಸಂಭ್ರಮದ ಜನ. ಥಾಮ್ಸನ್‌ಗೆ ಕಿವಿ ಕೇಳುತ್ತಿರಲಿಲ್ಲ. 1948ರ ಒಲಿಂಪಿಕ್ಸ್‌ನ ಕಲಾಸ್ಪರ್ಧೆಯಲ್ಲಿ ಚಿತ್ರಕಲೆಗೆ ಚಿನ್ನ ಗೆದ್ದವರು.

ಆ ಜಾಗದ ಜಾಣತನ ನನಗೆ ಬಹಳ ಇಷ್ಟ. ಹಗಲು ಕಣ್ಣೆಲ್ಲ ಕಡಲಿಗೆ. ಕತ್ತಲಾದ ಮೇಲೆ ಗಾಜು ಬರೀ ಕನ್ನಡಿ, ಆಗ ಕೋಣೆ ಚಿತ್ರದ್ದು. ಅಂದಮೇಲೆ ನಿನ್ನ ಚಿತ್ರವನ್ನೂ ರಾತ್ರಿಯ ದೀಪಕ್ಕೆ ಹೊಂದಿಸಿ ಬರೆಸು. ಹಗಲಲ್ಲಿ ಕಡಲಿನ ಬೆಳಕಿಗೆ ಒಗ್ಗಿದ ಕಣ್ಣಿಗೆ ಹಿಂದಿನ ಗೋಡೆ ಮಂಕಾಗಿಯೇ ಕಾಣುತ್ತದೆ, ಸಣ್ಣ ಬಣ್ಣವ್ಯತ್ಯಾಸ ದಕ್ಕುವುದಿಲ್ಲ. ದೊಡ್ಡ ಆಕಾರ, ಗಾಢ ಅಂಚು ಇರಲಿ.

ಹೊಳೆಯುವ ವಾರ್ನಿಶ್ ಬೇಡವೇ ಬೇಡ. ಎದುರಿನ ಕಿಟಕಿಗಳೆಲ್ಲ ಅದರಲ್ಲಿ ಬಿಳಿ ಪಟ್ಟಿಗಳಾಗಿ ಮೂಡುತ್ತವೆ. ಮ್ಯಾಟ್ ಲೇಪ ಕೊಡಿಸು. ಚೌಕಟ್ಟಿನ ಮೇಲಂಚನ್ನು ಗೋಡೆಯಿಂದ ತುಸು ಮುಂದಕ್ಕೆ ಬಾಗಿಸಿದರೆ ಕಿಟಕಿಯ ಬದಲು ನೆಲದ ನೆರಳು ಪ್ರತಿಫಲಿಸುತ್ತದೆ. ಕಾರ್ಪೆಟ್ ಕಪ್ಪು ಛಾಯೆಯದಾದರೆ ಇನ್ನೂ ಒಳ್ಳೆಯದು.

ದೀಪಗಳನ್ನು ಚಾವಣಿಯಲ್ಲಿ ಮರೆಯಿಲ್ಲದೆ ನೇತುಹಾಕಬೇಡ. ನಿನ್ನ ನಕ್ಷೆಯಲ್ಲಿ ಹಡಗು ನಡೆಸುವ ಕೋಣೆ, ಬ್ರಿಜ್, ಹತ್ತಿರದಲ್ಲೇ ಇದೆ. ಲೌಂಜಿನ ಬೆಳಕು ಮುಂದಕ್ಕೆ ಚೆಲ್ಲಿದರೆ ಕಾವಲಿನಲ್ಲಿರುವ ಅಧಿಕಾರಿಗೆ ಕತ್ತಲೆಯ ಕಡಲು ಕಾಣುವುದಿಲ್ಲ. ಸಂಜೆಯಾಗುತ್ತಲೇ ಮುಂದಿನ ಪರದೆ ಎಳೆಯಲೇಬೇಕು. ಆ ಪರದೆಯ ಬಟ್ಟೆಯನ್ನೂ ಈಗಲೇ ಆರಿಸು, ರಾತ್ರಿ ಚಿತ್ರಕ್ಕೆ ಎದುರಾಗುವುದು ಅದೇ.

ಕ್ವೀನ್ ಮೇರಿಯ ಒಳಾಂಗಣಕ್ಕೆ 56 ಬಗೆಯ ಮರ ಬಳಸಿದ್ದರು. ನಿನಗೆ ಆ ಸ್ವಾತಂತ್ರ್ಯವಿಲ್ಲ. ಈಗಿನ ಸೋಲಾಸ್ (ಹಡಗಿನ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದಲ್ಲಿ ಉರಿಯಬಲ್ಲ ಹೊದಿಕೆಯ ಉಷ್ಣಮೌಲ್ಯ, ಅಂದರೆ ಉರಿದಾಗ ಅದು ಕೊಡುವ ಶಾಖ, ಚದರ ಮೀಟರಿಗೆ 45 ಮೆಗಾಜೌಲ್ ಮೀರುವಂತಿಲ್ಲ. ಉರಿಯಬಲ್ಲ ಅಲಂಕಾರವೆಲ್ಲ ಸೇರಿ, ಗೋಡೆ-ಚಾವಣಿಗೆ 2.5 ಮಿಲಿಮೀಟರ್ ದಪ್ಪದ ವಿನಿಯರ್ (ಮರದ ತೆಳು ಹಾಳೆ) ಹಚ್ಚಿದಷ್ಟನ್ನು ದಾಟಬಾರದು. ಆದ್ದರಿಂದ ತೆಳು ವಿನಿಯರನ್ನು ಉರಿಯದ ಹಲಗೆಗೆ ಅಂಟಿಸು. ಗಾಜಿನ ಪಕ್ಕ ಮಾತ್ರ ಮರ ಬೇಡ: ಬಿಸಿಲಿಗೆ ಕಪ್ಪು ಮರ ಬಿಳಿಚಿಕೊಳ್ಳುತ್ತದೆ, ಬಿಳಿ ಮರ ಹಳದಿಯಾಗುತ್ತದೆ, ಕುರ್ಚಿ ಸರಿಸಿದ ಕಡೆ ಅದರ ಆಕಾರ ಉಳಿಯುತ್ತದೆ.

ಲೇಪದ ಮಾದರಿ ಬಂದ ಮೇಲೆ ಮೊದಲು ಸಂಜೆ ಏಳಕ್ಕೆ ದೀಪದಡಿ ನೋಡು, ಆಮೇಲೆ ಮಧ್ಯಾಹ್ನದ ಬೆಳಕಲ್ಲಿ.

ನಿನ್ನ ಗೆಳೆಯ