ಕೃಷ್ಣ ಕರ್ಣನಿಗೆ ಸುಳ್ಳು ಹೇಳಲಿಲ್ಲ: ಗದಗಿನ ಗೆಳೆಯನಿಗೊಂದು ಪತ್ರ

ಪ್ರೀತಿಯ ಬಸು,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲಿಲ್ಲ. ಎರಡು ಮಾತಿನಲ್ಲಿ ಮುಗಿಯುವ ವಿಷಯ ಅದಲ್ಲ. ತಮ್ಮನನ್ನು ಸೈನ್ಯಕ್ಕೆ ಕಳಿಸಿದ ಮನೆ ನಿಮ್ಮದು. ಗದಗ, ಹಾವೇರಿ, ಕುಂದಗೋಳ ಕಡೆ ಅಂಥ ಮನೆಗಳು ಬಹಳ ಇವೆ. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ತಮ್ಮನ ಹೆಸರು ಬರೆದಿಲ್ಲ, ಅವನು ಎಲ್ಲಿದ್ದಾನೆ ಅಂತಲೂ ಬರೆದಿಲ್ಲ. ಯಾಕೆ ಅನ್ನುವುದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ನೀನು ಕೇಳಿದ್ದು ಇಷ್ಟೇ: "ವೈರಿ ನಮ್ಮ ತಲಿಯೊಳಗ ಹ್ಯಾಂಗ ಬರ್ತಾನ? ಸುಳ್ಳು ಸುದ್ದಿ ನಂಬಲಿಲ್ಲ ಅಂದ್ರ ಆತಲ್ಲ?"

ಅಷ್ಟಕ್ಕೇ ಆಗುವುದಿಲ್ಲ ಬಸು. ಇಷ್ಟು ವರ್ಷ ಓದಿದ್ದರಲ್ಲಿ ನನಗೆ ಮನದಟ್ಟಾದ ಮಾತು ಒಂದೇ. ಎದುರಾಳಿಯ ಮನಸ್ಸು ಮುರಿಯಲು ಸೈನ್ಯಗಳು ಸುಳ್ಳನ್ನು ಬಳಸುತ್ತವೆ, ನಿಜ. ಆದರೆ ಅದಕ್ಕಿಂತ ಜಾಸ್ತಿ ಕೆಲಸ ಮಾಡುವುದು ಸತ್ಯ. ಹೊತ್ತು ನೋಡಿ, ಆಳು ನೋಡಿ, ಅವನಿಗೆ ಎಲ್ಲಿ ನೋಯುತ್ತದೋ ಅಲ್ಲಿಗೇ ಹೇಳುವ ಸತ್ಯ.

ಇದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಕುಮಾರವ್ಯಾಸ ವೀರನಾರಾಯಣ ಗುಡಿಯಲ್ಲಿ ಕೂತು ಭಾರತ ಬರೆದ ಅಂತ ಹೆಮ್ಮೆಪಡುವ ಊರಿನವನು ನೀನು. ಯುದ್ಧದಲ್ಲಿ ಮನಸ್ಸು ಮುರಿಯುವ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ದ್ರೋಣ, ಅಶ್ವತ್ಥಾಮ ಅನ್ನುವ ಆನೆ, ಧರ್ಮರಾಯ ನುಂಗಿಕೊಂಡ ಅರ್ಧ ಮಾತು. ನನಗೆ ಅದಕ್ಕಿಂತ ಭಯ ಹುಟ್ಟಿಸುವುದು ಕರ್ಣನ ಪ್ರಸಂಗ. ಸಂಧಿ ಮುರಿದ ಮೇಲೆ ಕೃಷ್ಣ ಕರ್ಣನನ್ನು ಸಲುಗೆಯಿಂದ ಎಳೆದು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಾನೆ. ನೀನು ಕುಂತಿಯ ಮಗ, ಪಾಂಡವರು ನಿನ್ನ ತಮ್ಮಂದಿರು ಅಂತ ಹೇಳುತ್ತಾನೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಮಾತನ್ನು ಹತ್ತು ವರ್ಷ ಮೊದಲು ಹೇಳಿದ್ದರೆ ಉಪಕಾರವಾಗುತ್ತಿತ್ತು. ಯುದ್ಧದ ಬಾಗಿಲಲ್ಲಿ ಹೇಳಿದ್ದಕ್ಕೆ ಅದು ಬಾಣವಾಯಿತು. ಕರ್ಣ ಪಕ್ಷ ಬಿಡಲಿಲ್ಲ, ಯುದ್ಧವನ್ನೂ ಬಿಡಲಿಲ್ಲ. ಆದರೆ ಆಮೇಲೆ ಅವನು ಮೊದಲಿನ ಹಾಗೆ ಬಿಲ್ಲು ಹಿಡಿಯಲಿಲ್ಲ. ಕುಂತಿ ಬಂದು ಕೇಳಿದಾಗ, ಅರ್ಜುನನೊಬ್ಬನನ್ನು ಬಿಟ್ಟು ಉಳಿದವರನ್ನು ಕೊಲ್ಲುವುದಿಲ್ಲ ಅಂತ ಮಾತು ಕೊಟ್ಟುಬಿಟ್ಟ.

ನಮ್ಮ ಸೈನ್ಯ 1971ರಲ್ಲಿ ಮಾಡಿದ್ದೂ ಇದೇ ಜಾತಿಯ ಕೆಲಸ. ಡಿಸೆಂಬರ್ ಎರಡನೇ ವಾರಕ್ಕೆ ಪೂರ್ವ ಪಾಕಿಸ್ತಾನದ, ಅಂದರೆ ಈಗಿನ ಬಾಂಗ್ಲಾದೇಶದ, ಆಕಾಶ ನಮ್ಮ ವಾಯುಪಡೆಯ ಕೈಯಲ್ಲಿತ್ತು. ಸಮುದ್ರದ ದಾರಿಯನ್ನು ನೌಕಾಪಡೆ ಮುಚ್ಚಿತ್ತು. ಆಗ ಜನರಲ್ ಮಾಣೆಕ್ ಷಾ ಹೆಸರಿನಲ್ಲಿ ರೇಡಿಯೋದಿಂದ ಮತ್ತೆ ಮತ್ತೆ ಸಂದೇಶ ಹೋಯಿತು. ವಿಮಾನಗಳು ಕರಪತ್ರ ಚೆಲ್ಲಿದವು. ನಿಮ್ಮನ್ನು ಸುತ್ತುವರಿದಿದ್ದೇವೆ, ತಪ್ಪಿಸಿಕೊಳ್ಳಲು ದಾರಿಯಿಲ್ಲ, ಶಸ್ತ್ರ ಕೆಳಗಿಟ್ಟರೆ ಜಿನೀವಾ ಒಪ್ಪಂದದ ಪ್ರಕಾರ ಸೈನಿಕರಿಗೆ ಸಲ್ಲುವ ಗೌರವದಿಂದ ನೋಡಿಕೊಳ್ಳುತ್ತೇವೆ ಅಂತ. ಪಾಕಿಸ್ತಾನಿ ಸಿಪಾಯಿಗೆ ಇದನ್ನು ಯಾರೂ ಸಾಬೀತು ಮಾಡಿ ತೋರಿಸಬೇಕಾಗಿರಲಿಲ್ಲ. ತಲೆ ಎತ್ತಿದರೆ ಮೇಲೆ ಹಾರುವ ವಿಮಾನ ಯಾರದ್ದು ಅಂತ ಅವನಿಗೇ ಕಾಣುತ್ತಿತ್ತು.

ಅದರೊಳಗೆ ಒಂದು ಉತ್ಪ್ರೇಕ್ಷೆಯೂ ಸೇರಿಕೊಂಡಿತು. ಡಿಸೆಂಬರ್ 11ರಂದು ಟಂಗೈಲ್‌ನಲ್ಲಿ ನಮ್ಮ ಪ್ಯಾರಾ ಯೋಧರು ಇಳಿದರು. ಇಳಿದವರು ಸುಮಾರು 700 ಮಂದಿ. ಸುದ್ದಿಯಲ್ಲಿ ಬಂದದ್ದು 5,000. ಯೋಧರು ಇಳಿದದ್ದಂತೂ ಖರೆ. ಆ ಖರೆಯ ಬೆನ್ನೇರಿ ಸುಳ್ಳು ಸಂಖ್ಯೆಯೂ ಢಾಕಾ ತಲುಪಿತು. 14ರಂದು ಮಿಗ್ ವಿಮಾನಗಳು ಅಲ್ಲಿನ ಗವರ್ನರ್ ಭವನದ ಮೇಲೆ ದಾಳಿ ಮಾಡಿದವು. ಗವರ್ನರ್ ಮಲಿಕ್ ಅಂದೇ ರಾಜೀನಾಮೆ ಬರೆದುಕೊಟ್ಟರು. 16ಕ್ಕೆ ಅಲ್ಲಿನ ಪಾಕಿಸ್ತಾನಿ ಸೇನೆಯ ಮುಖ್ಯಸ್ಥ ನಿಯಾಜಿ ಶರಣಾಗತಿಗೆ ಸಹಿ ಹಾಕಿದರು. ಸುಮಾರು 93,000 ಜನ ಸೆರೆಯಾದರು. ಗೌರವದಿಂದ ನೋಡಿಕೊಳ್ಳುತ್ತೇವೆ ಅಂದ ಮಾತನ್ನು ನಮ್ಮವರು ಉಳಿಸಿಕೊಂಡರು. ನನಗೆ ಈ ಇಡೀ ಕಥೆಯಲ್ಲಿ ಹೆಮ್ಮೆ ಅನ್ನಿಸುವುದು ಇದೇ. ಶರಣಾದವನಿಗೆ ಏನಾಗುತ್ತದೆ ಅನ್ನುವುದನ್ನು ಮುಂದಿನ ಯುದ್ಧದ ಸಿಪಾಯಿಯೂ ನೋಡುತ್ತಿರುತ್ತಾನೆ.

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪಡೆಗಳು ಇರಾಕಿ ಸೈನಿಕರ ಮೇಲೆ ಸುಮಾರು 2.9 ಕೋಟಿ ಕರಪತ್ರ ಉದುರಿಸಿದವು. ಕೆಲವು ಚೀಟಿಗಳಲ್ಲಿ ಇರಾಕಿ ತುಕಡಿಯ ಹೆಸರೇ ಇರುತ್ತಿತ್ತು. ನಾಳೆ ನಿಮ್ಮ ಮೇಲೆ ಬಿ-52 ವಿಮಾನ ಬಾಂಬ್ ಹಾಕುತ್ತದೆ, ಈಗಲೇ ಜಾಗ ಬಿಡಿ ಅಂತ. ಮರುದಿನ ಹೇಳಿದ ಹಾಗೇ ಬಾಂಬ್ ಬೀಳುತ್ತಿತ್ತು. ಅದಾದ ಮೇಲೆ ಇನ್ನೊಂದು ಚೀಟಿ: ಹೇಳಿದ್ದೆವಲ್ಲ, ಮತ್ತೆ ಬರುತ್ತೇವೆ. ಎರಡನೇ ಚೀಟಿ ಓದುವ ಸೈನಿಕನ ಸ್ಥಿತಿ ಊಹಿಸು. ಅವನ ಪಾಲಿಗೆ ತನ್ನ ಅಧಿಕಾರಿಯ ಮಾತಿಗಿಂತ ವೈರಿಯ ಚೀಟಿಯೇ ನಂಬಿಕಸ್ಥ ಆಗಿಬಿಟ್ಟಿತು. ಶರಣಾದವರಿಗೆ ಊಟ ಹಾಕುವ ಚಿತ್ರದಲ್ಲಿ ಬಾಳೆಹಣ್ಣನ್ನೂ ಬೇಕೆಂದೇ ಸೇರಿಸಿದ್ದರಂತೆ. ಇರಾಕಿನಲ್ಲಿ ಅದು ಅಪರೂಪದ ಹಣ್ಣು ಅಂತ ತಿಳಿದುಕೊಂಡೇ. ಅಷ್ಟು ಸಣ್ಣದನ್ನೂ ಲೆಕ್ಕ ಹಾಕುತ್ತಾರೆ ಬಸು. ಹಸಿದವನು ಏನು ತಿನ್ನಲು ಆಸೆಪಡುತ್ತಾನೆ ಅನ್ನುವುದನ್ನೂ.

ಶುದ್ಧ ಸುಳ್ಳು ಗೆದ್ದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 1944ರಲ್ಲಿ ಅಮೆರಿಕದ 1,100 ಜನರ ಒಂದು ಪಡೆ ಗಾಳಿ ತುಂಬಿದ ರಬ್ಬರ್ ಟ್ಯಾಂಕುಗಳನ್ನು ನಿಲ್ಲಿಸಿ, ದೊಡ್ಡ ಸ್ಪೀಕರುಗಳಲ್ಲಿ ಟ್ಯಾಂಕಿನ ಸದ್ದು ಹಾಕಿ ಜರ್ಮನರನ್ನು ಯಾಮಾರಿಸಿತು. ಆದರೆ ಒಬ್ಬ ಸೈನಿಕನ ಧೈರ್ಯವನ್ನೇ ಮುರಿಯುವುದಕ್ಕೆ ಬರೀ ಸುಳ್ಳು ಸಾಲುವುದಿಲ್ಲ. 2022ರ ಮಾರ್ಚ್ ನೆನಪಿದೆಯಲ್ಲ? ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಖಾರ್ಕಿವ್‌ನಲ್ಲಿ ತೀರಿಕೊಂಡ ಸುದ್ದಿ ಕೇಳಿ ಇಡೀ ಸೀಮೆ ಮರುಗಿದ ತಿಂಗಳು. ಅದೇ ತಿಂಗಳು ಉಕ್ರೇನಿನ ಅಧ್ಯಕ್ಷ ಝೆಲೆನ್ಸ್ಕಿ ತನ್ನ ಸೈನಿಕರಿಗೆ ಶಸ್ತ್ರ ಕೆಳಗಿಡಿ ಅಂತ ಹೇಳುವ ಡೀಪ್‌ಫೇಕ್, ಅಂದರೆ ಕಂಪ್ಯೂಟರಿನಲ್ಲಿ ಹುಟ್ಟಿಸಿದ ನಕಲಿ, ವಿಡಿಯೋ ಹೊರಬಂತು. ಒಂದು ಟಿವಿ ವಾಹಿನಿಯ ವೆಬ್‌ಸೈಟನ್ನೇ ಹ್ಯಾಕ್ ಮಾಡಿ ಅದನ್ನು ಹಾಕಿದ್ದರು. ತಲೆಗೂ ದೇಹಕ್ಕೂ ಹೊಂದುತ್ತಿರಲಿಲ್ಲ, ದನಿಯೂ ಬೇರೆ ಥರ ಇತ್ತು. ಇಂಥದ್ದು ಬರಬಹುದು ಅಂತ ಅಲ್ಲಿನ ಸರ್ಕಾರ ಮೊದಲೇ ಎಚ್ಚರಿಸಿತ್ತು. ಝೆಲೆನ್ಸ್ಕಿ ಕೂಡಲೇ ತಾನೇ ವಿಡಿಯೋದಲ್ಲಿ ಬಂದು ಮಾತಾಡಿದರು. ಯಾರೂ ಶಸ್ತ್ರ ಕೆಳಗಿಡಲಿಲ್ಲ.

ಆದರೆ ಅದೇ ಉಕ್ರೇನಿನ ಪೂರ್ವದಲ್ಲಿ, ಡೊನ್ಬಾಸ್‌ನಲ್ಲಿ, 2014ರ ನಂತರ ನಡೆದದ್ದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ಫೋನು ಯಾವ ಟವರಿನ ಸಿಗ್ನಲ್ ಜೋರಾಗಿದೆಯೋ ಅದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅದು ಯಾರ ಟವರು ಅಂತ ನಮಗೆ ಗೊತ್ತಾಗುವುದಿಲ್ಲ. ರಷ್ಯಾದ ಲೀರ್-3 ಅನ್ನುವ ವ್ಯವಸ್ಥೆಯಲ್ಲಿ ಡ್ರೋನುಗಳೇ ಇಂಥ ನಕಲಿ ಟವರ್ ಹೊತ್ತು ಹಾರುತ್ತವೆ. ಕೆಳಗಿನ ಕಂದಕದಲ್ಲಿ ಕೂತ ಸೈನಿಕನ ಫೋನು ಅದಕ್ಕೆ ಸಿಗುತ್ತದೆ. ಮೊದಲು ಅವನಿಗೇ ಮೆಸೇಜ್: ನಿಮ್ಮನ್ನು ಸುತ್ತುವರಿದಿದ್ದೇವೆ, ನಿಮ್ಮವರು ಕೈಬಿಟ್ಟಿದ್ದಾರೆ. ಕೆಲವೇ ನಿಮಿಷಕ್ಕೆ ಊರಿನಲ್ಲಿರುವ ಅವನ ಮನೆಯವರಿಗೆ ಇನ್ನೊಂದು ಮೆಸೇಜ್: ನಿಮ್ಮ ಮಗ ಸತ್ತಿದ್ದಾನೆ. ಮನೆಯವರು ಏನು ಮಾಡುತ್ತಾರೆ? ಕೈ ನಡುಗುತ್ತಾ ಮಗನಿಗೆ ಫೋನ್ ಮಾಡುತ್ತಾರೆ. ಒಂದೇ ಜಾಗದಲ್ಲಿ ಅಷ್ಟೂ ಫೋನು ಒಟ್ಟಿಗೆ ಬಡಿದುಕೊಳ್ಳುತ್ತವೆ. ಆಮೇಲೆ ಸೈನಿಕರಿಗೆ ಮತ್ತೊಂದು ಮೆಸೇಜ್: ಹಿಂದೆ ಸರಿದು ಜೀವ ಉಳಿಸಿಕೊಳ್ಳಿ. ಅದರ ಬೆನ್ನಿಗೇ ಫೋನುಗಳು ಗುಂಪಾಗಿ ಕಂಡ ಜಾಗಕ್ಕೆ ಫಿರಂಗಿ ಗುಂಡು ಬೀಳುತ್ತದೆ.

ಇಲ್ಲಿ ಹೇಳಿದ್ದು ಸುಳ್ಳೇ. ಆದರೆ ಅವರು ನೆಚ್ಚಿಕೊಂಡಿದ್ದು ಒಂದು ಸತ್ಯವನ್ನು. ಮಗ ಸತ್ತ ಅಂದರೆ ತಾಯಿ ಫೋನ್ ಮಾಡದೇ ಇರುವುದಿಲ್ಲ ಅನ್ನುವ ಸತ್ಯ. ತಾಯಿಯ ಕರುಳನ್ನೇ ಗುರಿ ತೋರಿಸುವ ಯಂತ್ರ ಮಾಡಿಕೊಂಡರು. ಯುದ್ಧದಲ್ಲಿ ಕ್ರೌರ್ಯ ಇರುತ್ತದೆ ಅಂತ ನನಗೂ ಗೊತ್ತು. ಇದನ್ನು ಮಾತ್ರ ಕ್ಷಮಿಸಲು ನನ್ನಿಂದ ಆಗುತ್ತಿಲ್ಲ.

ಇದನ್ನು ಓದುವಾಗ ನಿಮ್ಮ ಅವ್ವ ಕಣ್ಣ ಮುಂದೆ ಬಂದರು. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರ ನಡೆದಿದ್ದಾಗ, ನಾನು ನಿಮ್ಮ ಮನೆಯಲ್ಲೇ ಇದ್ದೆನಲ್ಲ. ರಾತ್ರಿ ಊಟ ಆಗಿತ್ತು. ಟಿವಿಯಲ್ಲಿ ಸೈರನ್ ಹೊಡೆದುಕೊಳ್ಳುತ್ತಿತ್ತು. ಅದು ಯಾವ ಊರಿನ ಸೈರನ್ನೂ ಅಲ್ಲ, ಸ್ಟುಡಿಯೋದಲ್ಲಿ ಹಾಕಿದ್ದು. ಅವ್ವನಿಗೆ ಹಿಂದಿ ಬಾರದು. ಆ ಸದ್ದು ಮಾತ್ರ ಅರ್ಥವಾಗುತ್ತಿತ್ತು. "ಗದಗಕ್ಕೂ ಬಂತೇನೋ?" ಅಂದರು. ಆಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ಕೂತು ತಮ್ಮನ ನಂಬರು ಒತ್ತುತ್ತಲೇ ಇದ್ದರು. "ಯಾಕ ಹತ್ತವಲ್ದು?" ಅಂತ ನಿನ್ನನ್ನು ಕೇಳಿದರು, ನನ್ನನ್ನು ಕೇಳಿದರು. ಅವರ ಹೆಬ್ಬೆರಳು ಬೆವೆತು ಫೋನಿನ ಗಾಜಿನ ಮೇಲೆ ಜಾರುತ್ತಿತ್ತು. ನೀನು ಟಿವಿ ಆರಿಸಿದೆ. ಅವರು ಮತ್ತೆ ಹಚ್ಚಿಸಿದರು.

ಆ ರಾತ್ರಿ ಕರಾಚಿ ಬಂದರು ನಾಶವಾಯಿತು ಅಂತ ನಮ್ಮ ವಾಹಿನಿಗಳೇ ಹೇಳಿದವು. ಅದು ಆಗಿರಲಿಲ್ಲ. ವಿಡಿಯೋ ಗೇಮಿನ ತುಣುಕುಗಳು ಯುದ್ಧದ ದೃಶ್ಯ ಅಂತ ಎರಡೂ ದೇಶಗಳಲ್ಲಿ ಓಡಾಡಿದವು. ಮೇ 10ರಂದು ಸರ್ಕಾರವೇ ಮಾಧ್ಯಮಗಳಿಗೆ ಸೈರನ್ ಸದ್ದು ಬಳಸಬೇಡಿ ಅಂತ ಸೂಚನೆ ಕೊಡಬೇಕಾಯಿತು. ದಿನಾ ಟಿವಿಯಲ್ಲಿ ಕೇಳಿಸಿದರೆ, ನಿಜವಾದ ಸೈರನ್ ಕೂಗಿದ ದಿನ ಜನ ಏಳುವುದಿಲ್ಲ ಅಂತ. ನನಗೆ ಬಂದ ಸಿಟ್ಟು ಬೇರೆ. ವೈರಿ ಕೋಟಿಗಟ್ಟಲೆ ಖರ್ಚು ಮಾಡಿ ಹುಟ್ಟಿಸಬೇಕಾದ ಭಯವನ್ನು ನಮ್ಮವರು ಪುಕ್ಕಟೆಯಾಗಿ ನಮ್ಮ ತಾಯಂದಿರಿಗೆ ಹಂಚಿದರು.

ಕೋಟಿ ಅಂದೆ. ಅಷ್ಟೂ ಬೇಕಾಗಿಲ್ಲ. ಲಾಟ್ವಿಯಾದ ರಿಗಾದಲ್ಲಿ ನೇಟೋ ಜತೆ ಕೆಲಸ ಮಾಡುವ ಒಂದು ಅಧ್ಯಯನ ಕೇಂದ್ರ ಇದೆ. ಅಲ್ಲಿನವರು ತಮ್ಮದೇ ಕಡೆಯ ಒಂದು ಸೈನಿಕ ತಾಲೀಮಿನ ಮೇಲೆ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ನಕಲಿ ಫೇಸ್‌ಬುಕ್ ಪುಟ, ನಕಲಿ ಗುಂಪು, ಒಂದಿಷ್ಟು ಜಾಹೀರಾತು. ಖರ್ಚು 60 ಡಾಲರ್. ಆಗಿನ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ ಚಿಲ್ಲರೆ. ಅಷ್ಟರಲ್ಲಿ ಅವರು ಸುಮಾರು 150 ಸೈನಿಕರನ್ನು ಗುರುತು ಹಿಡಿದರು. ತುಕಡಿಗಳು ಎಲ್ಲಿವೆ, ಎತ್ತ ಹೊರಟಿವೆ ಅಂತ ಪತ್ತೆ ಮಾಡಿದರು. ಕೆಲವರು ಕಾವಲಿನ ಜಾಗ ಬಿಟ್ಟು ಹೋಗುವಂತೆಯೂ ಮಾಡಿದರು. ಒಬ್ಬೊಬ್ಬನ ಮೆತ್ತನೆಯ ಜಾಗ ಒಂದೊಂದು ಕಡೆ: ಒಬ್ಬನಿಗೆ ಸಾಲ, ಒಬ್ಬನಿಗೆ ಹೆಂಡತಿಗೆ ಗೊತ್ತಿಲ್ಲದ ಗೆಳೆತನ, ಇನ್ನೊಬ್ಬನಿಗೆ ಮನೆ. 1991ರಲ್ಲಿ ಇಡೀ ತುಕಡಿಗೆ ಒಂದೇ ಚೀಟಿ ಬೀಳುತ್ತಿತ್ತು. ಈಗ ಪ್ರತಿಯೊಬ್ಬನಿಗೂ ಅವನದೇ ಚೀಟಿ ಬರೆಯಬಹುದು. ಅದರಲ್ಲಿ ಬರೆಯಬೇಕಾದ ಸತ್ಯವನ್ನು ನಾವೇ ಸ್ಟೇಟಸ್ಸಿನಲ್ಲಿ, ರೀಲ್ಸಿನಲ್ಲಿ ಹಾಕಿಟ್ಟಿರುತ್ತೇವೆ. ನಮ್ಮ ಸೈನ್ಯ 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ ಅಂತ ತನ್ನವರಿಗೆ ಹೇಳಿದ್ದು ಸುಮ್ನೆ ಅಲ್ಲ. ತಮ್ಮ ಆಗ ಗೊಣಗಿದ್ದ ಅಂತ ನೀನೇ ಹೇಳಿದ್ದೆ. ಆದರೆ ಸೈನ್ಯದ ಆದೇಶ ಸೈನಿಕನ ಫೋನಿಗೆ ಮಾತ್ರ. ಅವ್ವನ ಫೋನಿಗೆ, ನಿನ್ನ ಫೋನಿಗೆ, ಅವನ ಗೆಳೆಯರ ಫೋನಿಗೆ ಯಾರೂ ಆದೇಶ ಕೊಡುವುದಿಲ್ಲ.

ಅದಕ್ಕೇ ನಾನು ಕೇಳಿಕೊಳ್ಳುತ್ತಿದ್ದೇನೆ. ಹೋದ ಸಲ ಅವನನ್ನು ರೈಲು ಹತ್ತಿಸುವಾಗ ತೆಗೆದು ನೀನು ಹಾಕಿದ ಫೋಟೋ ಇನ್ನೂ ಇದೆ. ರೈಲಿನ ಹೆಸರು, ತಾರೀಖು, ಅವನ ಚೀಲದ ಮೇಲಿನ ಗುರುತು ಎಲ್ಲ ಓದಲು ಬರುತ್ತದೆ. ಇವತ್ತೇ ತೆಗೆ. ಊರಿನ ಹುಡುಗರ ಗುಂಪಿನಲ್ಲಿ "ನಮ್ಮ ಯೋಧ ಈಗ ಇಲ್ಲಿದ್ದಾನೆ" ಅಂತ ಅಭಿಮಾನದಿಂದ ಹಾಕುವವರಿಗೂ ಹೇಳು. ಅಭಿಮಾನ ಇರಲಿ, ಜಾಗದ ಹೆಸರು ಬೇಡ. ಕೆಟ್ಟ ಸುದ್ದಿ ಯಾವುದೋ ನಂಬರಿನಿಂದ ಮೆಸೇಜಾಗಿ ಬಂದರೆ ಅವ್ವ ನೇರ ತಮ್ಮನಿಗೆ ಫೋನ್ ಮಾಡುವ ಮೊದಲು ನಿನ್ನ ಹತ್ತಿರ ಬರಲಿ. ವಿಚಾರಿಸಲು ಯಾವ ಕಚೇರಿಗೆ, ಯಾವ ನಂಬರಿಗೆ ಮಾಡಬೇಕು ಅಂತ ತಮ್ಮನಿಂದಲೇ ಕೇಳಿ, ಒಂದು ಹಾಳೆಯಲ್ಲಿ ಬರೆಸಿ ಇಟ್ಟುಕೋ. ಈಗ ದನಿಯನ್ನೂ ನಕಲು ಮಾಡುತ್ತಾರೆ. ತಮ್ಮನ ದನಿಯಲ್ಲೇ ಅಳುತ್ತಾ ಫೋನ್ ಬಂದರೆ ಕೇಳಲು ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಇರಲಿ. ನಿಮ್ಮಪ್ಪ ಮಾರಿದ ಆ ಬಿಳಿ ಎತ್ತಿನ ಹೆಸರಿನಂಥದ್ದು. ಇನ್ನು ಮೇಲೆ ಅದನ್ನೂ ಬೇರೆಯದು ಮಾಡಿಕೋ, ಇಲ್ಲಿ ಬರೆದುಬಿಟ್ಟೆನಲ್ಲ.

ಅವ್ವನಿಗೆ ಇದನ್ನು ಹೇಳುವುದು ನನಗೆ ಬಿಡು. ಡೊನ್ಬಾಸಿನ ತಾಯಂದಿರ ವಿಷಯ ಅವರಿಗೆ ಪೂರ್ತಿ ಹೇಳಬೇಕು ಅಂತಲೇ ನನ್ನ ಅಭಿಪ್ರಾಯ. ಹೆದರುತ್ತಾರೆ ಅಂತ ನೀನು ಬೇಡ ಅನ್ನಬಹುದು. ಮುಚ್ಚಿಟ್ಟ ಸತ್ಯವನ್ನು ನಾಳೆ ವೈರಿ ಬಂದು ತನಗೆ ಬೇಕಾದ ಹೊತ್ತಿಗೆ ಹೇಳುವುದಕ್ಕಿಂತ, ಇವತ್ತು ನಾವೇ ಪಡಸಾಲೆಯಲ್ಲಿ ಕೂತು ಹೇಳುವುದು ಒಳ್ಳೆಯದು, ಅಲ್ವಾ? ಪಂಚಮಿಗೆ ತಮ್ಮ ರಜೆ ಹಾಕಿದ್ದಾನೆ ಅಂದಿದ್ದೆ. ರಜೆ ಸಿಕ್ಕಿದ್ದು ಖಾತ್ರಿ ಆದರೆ ತಿಳಿಸು, ಆದರೆ ಮೆಸೇಜ್ ಹಾಕಬೇಡ, ಫೋನ್ ಮಾಡು. ನಾನು ಹುಬ್ಬಳ್ಳಿಯಿಂದ ಬೆಳಗಿನ ಬಸ್ಸಿಗೇ ಹೊರಡುತ್ತೇನೆ.

ನಿನ್ನ,
ಈರಣ್ಣ