ನಮ್ಮ ಬೀದಿಗೆ ಓಣಿ ಎಂದು ಹೆಸರಿಟ್ಟವನಿಗೆ

ಮಡಿಕೇರಿ,
ಕಕ್ಕಡ ಮಾಸದ ಒಂದು ಸಂಜೆ

ಪ್ರೀತಿಯ ಗೆಳೆಯಾ,

ನಾವೆಲ್ಲ ಇಲ್ಲಿ ಕ್ಷೇಮ. ನೀವೆಲ್ಲ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಬೆಳಗಿನಿಂದ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಕರೆಂಟು ಮಧ್ಯಾಹ್ನವೇ ಹೋಯಿತು. ದೀಪದ ಬೆಳಕಿನಲ್ಲಿ ಕೂತು ಬರೆಯುತ್ತಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅಜ್ಜ ಅರಮನೆಯಲ್ಲಿ ಕೆಲಸ ಮಾಡುತ್ತಿದ್ದರು ಎಂದರೆ ನಿನ್ನ ಮಗಳು ನಕ್ಕುಬಿಡುತ್ತಾಳಂತೆ. ಮಡಿಕೇರಿಯ ಕಥೆಗಳನ್ನೆಲ್ಲ ಅಪ್ಪ ಕಟ್ಟಿ ಹೇಳುತ್ತಾನೆ ಎನ್ನುತ್ತಾಳಂತೆ. ಈ ಪತ್ರವನ್ನು ಅವಳಿಗೆ ಓದಿ ಹೇಳು. ನಾನು ಸಾಕ್ಷಿ. ಎಲ್ಲರಿಗೂ ಕಾಣುವ ಹಾಗೆ ಇದನ್ನು ಹಾಕುತ್ತಿರುವುದಕ್ಕೂ ಕಾರಣವಿದೆ. ನಮ್ಮ ಬೀದಿಯ ಉಳಿದ ಹುಡುಗರು ಎಲ್ಲೆಲ್ಲಿ ಚದುರಿದ್ದಾರೋ ಗೊತ್ತಿಲ್ಲ. ಅವರ ಕಣ್ಣಿಗೆ ಬಿದ್ದರೆ ಅವರೂ ಸಾಕ್ಷಿ ಹೇಳಲಿ.

ಮಗಳೇ, ನಿನ್ನ ಅಜ್ಜ ಕೆಲಸ ಮಾಡುತ್ತಿದ್ದದ್ದು ಅರಮನೆಯಲ್ಲೇ. ಮಡಿಕೇರಿ ಕೋಟೆಯೊಳಗಿನ ರಾಜರ ಅರಮನೆಯಲ್ಲಿ ಆಗ ಸರಕಾರಿ ಕಚೇರಿಗಳಿದ್ದವು. ಲಿಂಗರಾಜೇಂದ್ರ ಕಟ್ಟಿಸಿದ ಆ ದಪ್ಪ ಗೋಡೆಗಳ ನಡುವೆ ಗುಮಾಸ್ತರ ಮೇಜುಗಳು, ಹಗ್ಗ ಕಟ್ಟಿದ ಕಡತಗಳ ರಾಶಿ, ಮಳೆಗಾಲದಲ್ಲಿ ಆ ಕಡತಗಳಿಂದ ಏಳುತ್ತಿದ್ದ ಮುಗ್ಗಲು ವಾಸನೆ. ಸಂಜೆ ಐದೂವರೆಗೆ ಅಜ್ಜ ಹೊರಗೆ ಬರುವವರೆಗೂ ನಾನೂ ನಿನ್ನ ಅಪ್ಪನೂ ಅಂಗಳದ ಮೂಲೆಯ ಆನೆಗಳ ಹತ್ತಿರ ಕಾಯುತ್ತಿದ್ದೆವು. ಗಾರೆಯ ಎರಡು ಆನೆಗಳು, ನಿಜವಾದ ಆನೆಯಷ್ಟೇ ಎತ್ತರ. ರಾಜ ಸಿಟ್ಟಿನಲ್ಲಿ ತನ್ನ ಆನೆಗಳನ್ನು ಕೊಂದು, ಆಮೇಲೆ ತಡೆಯಲಾರದೆ ಅವುಗಳದೇ ಪ್ರತಿಮೆ ಮಾಡಿಸಿದ ಎಂದು ದೊಡ್ಡವರು ಹೇಳುತ್ತಿದ್ದರು. ನಿನ್ನ ಅಪ್ಪನಿಗೆ ಆ ಕಥೆ ಕೇಳಿದ ದಿನ ಅಳು ಬಂದಿತ್ತು. ಅಂದಿನಿಂದ ಅವನು ಎಡಗಡೆಯ ಆನೆಯ ಸೊಂಡಿಲು ಸವರದೆ ಕೋಟೆ ಬಿಟ್ಟು ಇಳಿದದ್ದೇ ಇಲ್ಲ.

ಗೆಳೆಯಾ, ನೀವು ಬಂದದ್ದು 1987ರ ಜೂನ್‌ನಲ್ಲಿ. ಬಳ್ಳಾರಿಯಿಂದ ವರ್ಗವಾಗಿ ಬಂದ ಸಂಸಾರ ಎಂದು ಸಾಮಾನು ಇಳಿಸುವ ಮೊದಲೇ ಬೀದಿಗೆಲ್ಲ ಗೊತ್ತಾಗಿತ್ತು. ಲಾರಿಯಿಂದ ಇಳಿದ ನೀನು ಮುಖ ಮೇಲೆತ್ತಿ, ಮಳೆಗೆ ಬಾಯಿ ತೆರೆದು ನಿಂತಿದ್ದೆ. ಮೊದಲ ವಾರ ನಿನಗೆ ಅದು ಹಬ್ಬ. ಎರಡನೆಯ ವಾರ, ಇಲ್ಲಿ ಸೂರ್ಯ ಎಂದು ಬರುತ್ತಾನೆ ಎಂದು ನನ್ನನ್ನು ಕೇಳಿದೆ. ಅಕ್ಟೋಬರ್‌ಗೆ ಎಂದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನೀನು ಮುಖ ತಿರುಗಿಸಿಕೊಂಡು ಹೋದೆ.

ನಿನ್ನ ಅಮ್ಮ ಪಟ್ಟ ಪಾಡು ನೆನೆದರೆ ಈಗಲೂ ಕರುಳು ಚುರ್ ಎನ್ನುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ, ಶಾಲೆಯ ಸಮವಸ್ತ್ರ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಮ್ಮ ಅಜ್ಜಿ ಹೋಗಿ ಬಾಣಲೆಯಲ್ಲಿ ಕೆಂಡ ಹಾಕಿ, ಅದರ ಮೇಲೆ ಬಿದಿರಿನ ದೊಡ್ಡ ಬುಟ್ಟಿಯನ್ನು ಬೋರಲು ಹಾಕಿದರು. ಬುಟ್ಟಿಯ ಮೇಲೆ ಅಂಗಿ ಹರಡಿ, ಹಬೆ ಏಳುವುದು ನಿಲ್ಲುವವರೆಗೆ ಕಾದು, ಮಗ್ಗುಲು ತಿರುಗಿಸಿದರು. ಕಾಲರು ಮಾತ್ರ ಕೊನೆಗೆ, ಅದು ಬೇಗ ಸುಡುತ್ತದೆ ಎಂದು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಾ. ಮರುದಿನ ನೀನೂ ನಮ್ಮಂತೆಯೇ ಹೊಗೆಯ ವಾಸನೆ ಹೊತ್ತು ತರಗತಿಗೆ ಬಂದೆ. ನೀನು ನಮ್ಮವನಾದದ್ದು ಆ ದಿನ. ಅಜ್ಜಿಗೆ ಪ್ರತಿಯಾಗಿ ನಿನ್ನ ಅಮ್ಮ ಕಳಿಸಿದ ಜೋಳದ ರೊಟ್ಟಿಯನ್ನು ಮನೆಯವರೆಲ್ಲ ಸುತ್ತ ಕೂತು ನೋಡಿದೆವು. ಅಕ್ಕಿ ರೊಟ್ಟಿ ಬಿಟ್ಟು ಬೇರೆ ರೊಟ್ಟಿ ನಾವು ಕಂಡಿರಲಿಲ್ಲ.

ನಮ್ಮ ಬೀದಿಯಲ್ಲಿ ಎಷ್ಟು ಭಾಷೆ ಇತ್ತು ಎನ್ನುವುದು ನನಗೆ ಹೊಳೆದದ್ದೂ ನೀನು ಬಂದ ಮೇಲೆಯೇ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ತಮಿಳು, ಕೊಂಕಣಿ. ಒಂದೊಂದು ಮನೆಯ ಬಾಗಿಲಲ್ಲಿ ಒಂದೊಂದು. ಹುಡುಗರೆಲ್ಲ ಸೇರಿದರೆ ಕನ್ನಡ. ಆ ಕನ್ನಡಕ್ಕೆ ನೀನು ಬಳ್ಳಾರಿಯನ್ನು ತಂದು ಸೇರಿಸಿದೆ. ನಾವು ಬೀದಿ ಎಂದರೆ ನೀನು ಓಣಿ ಎಂದೆ. ನಾವು ನೆಲಗಡಲೆ ಎಂದರೆ ನೀನು ಶೇಂಗಾ ಎಂದೆ. ಒಂದು ವರ್ಷ ಕಳೆಯುವುದರೊಳಗೆ ಮಹದೇವಪೇಟೆಯ ಹಿಂದಿನ ಆ ಇಳಿಜಾರಿನ ಹುಡುಗರೆಲ್ಲ ಓಣಿ ಎನ್ನತೊಡಗಿದೆವು. ನನ್ನ ಮಕ್ಕಳು ಇಂದಿಗೂ ಹಾಗೆಯೇ ಕರೆಯುತ್ತಾರೆ, ಆ ಮಾತು ಎಲ್ಲಿಂದ ಬಂತೆಂದು ಅವರಿಗೆ ತಿಳಿಯದು.

ನಿನಗೆ ದೊಡ್ಡ ಗೌರವ ತಂದುಕೊಟ್ಟದ್ದು ರೈಲು. ಕೊಡಗಿನಲ್ಲಿ ರೈಲುಹಳಿಯೇ ಇಲ್ಲ. ನಮ್ಮಲ್ಲಿ ಒಬ್ಬನೂ ರೈಲು ನೋಡಿರಲಿಲ್ಲ. ನೀನು ಅದರಲ್ಲಿ ಮಲಗಿ ನಿದ್ದೆ ಮಾಡಿದವನು! ಗದ್ದಿಗೆಯ ಮೆಟ್ಟಿಲ ಮೇಲೆ ಕೂತು ಹಳಿಯ ಸದ್ದು, ಸಿಗ್ನಲ್ಲಿನ ಕೆಂಪು ದೀಪ, ನಿಲ್ದಾಣದಲ್ಲಿ ಚಹಾ ಮಾರುವವರ ಕೂಗು, ಎಲ್ಲವನ್ನೂ ವರ್ಣಿಸುತ್ತಿದ್ದೆ. ರಾಜರ ಸಮಾಧಿಯ ಗುಮ್ಮಟಗಳ ಕೆಳಗೆ ಕೂತು ನಾವು ಬಳ್ಳಾರಿಯಿಂದ ಗುಂತಕಲ್ಲಿಗೆ ಅದೆಷ್ಟು ಸಲ ಹೋಗಿಬಂದೆವೋ.

ಅಲ್ಲೇ ಪಕ್ಕದಲ್ಲಿ ನಮ್ಮ ಕ್ರಿಕೆಟ್. ಮಡಿಕೇರಿಯಲ್ಲಿ ಸಮತಟ್ಟಾದ ಜಾಗ ಹುಡುಕುವುದೆಂದರೆ ಕಡಲಿನಲ್ಲಿ ಕಲ್ಲು ಹುಡುಕಿದಂತೆ. ಹಾಗಾಗಿ ನಿಯಮಗಳನ್ನು ಗುಡ್ಡಕ್ಕೆ ತಕ್ಕಂತೆ ಮಾಡಿಕೊಂಡಿದ್ದೆವು. ಏರಿನ ಕಡೆ ಹೊಡೆದರೆ ಓಡಿದಷ್ಟು ರನ್ನು. ಇಳಿಜಾರಿನ ಕಡೆ ಹೊಡೆದರೆ ಎರಡೇ ರನ್ನು, ಚೆಂಡು ತರುವವನೂ ಹೊಡೆದವನೇ. ಚರಂಡಿಗೆ ಬಿದ್ದರೆ ಔಟು. ಕಾಫಿ ತೋಟದೊಳಗೆ ಹೋದರೆ ಎಲ್ಲರೂ ಸೇರಿ ಹುಡುಕಬೇಕು. ನಿನ್ನ ಕಾಲಿಗೆ ಮೊದಲ ಜಿಗಣೆ ಹತ್ತಿದ್ದು ಹಾಗೆ ಹುಡುಕುವಾಗಲೇ. ಬೆರಳ ಗಾತ್ರಕ್ಕೆ ಉಬ್ಬಿದ ಅದನ್ನು ನೋಡಿ ನೀನು ಕೂಗಲಿಲ್ಲ. ಮಾತೇ ಹೊರಡದೆ ನನ್ನ ತೋಳು ಹಿಡಿದೆ. ಅಜ್ಜಿ ಸಂಚಿಯಿಂದ ಹೊಗೆಸೊಪ್ಪು ತೆಗೆದು ಸುಣ್ಣ ಸೇರಿಸಿ ಹಚ್ಚಿದ ಕೂಡಲೇ ಉದುರಿತು. ರಕ್ತ ಮಾತ್ರ ಸಂಜೆಯವರೆಗೂ ಸೋರುತ್ತಿತ್ತು.

ಇನ್ನೊಂದು ನೆನಪು ಈ ತಿಂಗಳಿನದೇ. ಕಕ್ಕಡ ಹದಿನೆಂಟರ ದಿನ ಮದ್ದುಸೊಪ್ಪಿನ ಪಾಯಸ ತಿಂದು, ಅದರ ಕಡು ನೇರಳೆ ಬಣ್ಣಕ್ಕೆ ಮರುಳಾಗಿ ಎರಡು ಬಟ್ಟಲು ಹೆಚ್ಚಿಗೆ ಹಾಕಿಸಿಕೊಂಡೆ. ಮರುದಿನ ಬೆಳಿಗ್ಗೆ ಮೂತ್ರ ಕೆಂಪಾದದ್ದು ಕಂಡು, ಇನ್ನು ತಾನು ಬದುಕುವುದಿಲ್ಲ ಎಂದು ಹೇಳಲು ನಮ್ಮ ಮನೆಗೆ ಓಡಿಬಂದೆ. ನಿನ್ನ ಅಮ್ಮನಿಗೆ ಹೇಳದೆ ಮೊದಲು ನನಗೆ ಹೇಳಿದೆ. ಆ ನಂಬಿಕೆಯನ್ನು ನಾನು ಮರೆತಿಲ್ಲ. ಆ ಸೊಪ್ಪು ತಿಂದವರಿಗೆಲ್ಲ ಹಾಗೆಯೇ, ಮದ್ದು ಮೈಗೆ ಹತ್ತಿತು ಎಂದು ಅರ್ಥ ಎಂದು ಅಜ್ಜಿ ತಲೆ ಸವರಿ ಕಳಿಸಿದರು.

ಟಿವಿಯ ವಿಷಯ ಹೇಳದಿದ್ದರೆ ನಿನ್ನ ಮಗಳಿಗೆ ಸಾಕ್ಷಿ ಪೂರ್ತಿಯಾಗುವುದಿಲ್ಲ. ಇಡೀ ಓಣಿಗೆ ಒಂದೇ ಟಿವಿ, ಸೇನೆಯಿಂದ ನಿವೃತ್ತರಾಗಿದ್ದ ಸುಬೇದಾರ್ ಅಜ್ಜನ ಮನೆಯಲ್ಲಿ. ಕಪ್ಪು ಬಿಳುಪಿನದು, ಮರದ ಬಾಗಿಲಿನದು. 1988ರ ಅಕ್ಟೋಬರ್‌ನಲ್ಲಿ ಮಹಾಭಾರತ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ಅವರ ಜಗಲಿಯಲ್ಲಿ ಸಾಲು. ಒಬ್ಬೊಬ್ಬರೇ ಕಾಲು ಮುಂದೆ ಚಾಚಿ, ಬೆರಳ ಸಂದಿ ಬಿಡಿಸಿ ತೋರಿಸಬೇಕು. ಜಿಗಣೆ ಇಲ್ಲವೆಂದು ಖಾತ್ರಿಯಾದರೆ ಒಳಗೆ. ಒಬ್ಬ ಹುಡುಗ ಮಾಡಿನ ಹತ್ತಿರ ಆಂಟೆನಾ ಹಿಡಿದು ನಿಲ್ಲಬೇಕು, ಗಾಳಿಗೆ ಅದು ತಿರುಗಿದರೆ ಕುರುಕ್ಷೇತ್ರದ ಮೇಲೆ ಹಿಮ ಬೀಳುತ್ತಿತ್ತು. ಹಿಂದಿ ನಮಗೆ ಯಾರಿಗೂ ಬಾರದು. ಅಜ್ಜ ಸೇನೆಯಲ್ಲಿ ಕಲಿತ ಹಿಂದಿಯಿಂದ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರು. ವ್ಯೂಹ ರಚನೆ ಬಂದಾಗ ಮಾತ್ರ ಕಥೆಯನ್ನು ಬಿಟ್ಟು, ನೆಲದ ಮೇಲೆ ಕಾಫಿ ಬೀಜ ಇಟ್ಟು, ಪಡೆ ಎಲ್ಲಿ ತಪ್ಪಿತು ಎಂದು ವಿವರಿಸುತ್ತಿದ್ದರು. ಅಭಿಮನ್ಯು ಸತ್ತ ದಿನ ಆ ಬೀಜಗಳನ್ನು ಎತ್ತಲಿಲ್ಲ.

ಅವರೊಂದಿಗೆ ನಾವು ಮುತ್ತಿನ ಹಾರ ನೋಡಲು ಹೋದದ್ದು ನೆನಪಿದೆಯೇ? 1990ರ ಚಿತ್ರ, ರಾಜೇಂದ್ರಸಿಂಗ್ ಬಾಬು ಅವರದು. ವಿಷ್ಣುವರ್ಧನ್ ಕೊಡವ ಯೋಧನಾಗಿ ತೆರೆಯ ಮೇಲೆ ಬಂದಾಗ ಟಾಕೀಸಿನಲ್ಲಿ ಶಿಳ್ಳೆ ಹೊಡೆದವರು ಹುಡುಗರಲ್ಲ, ಕೊಡವರ ಹಬ್ಬದ ಉಡುಪಾದ ಕುಪ್ಪಿಯ ಚೇಲೆ ತೊಟ್ಟುಕೊಂಡೇ ಬಂದಿದ್ದ ಹಿರಿಯರು. ನಮ್ಮ ಬೆಟ್ಟಗಳ ಜನ ಅಷ್ಟು ದೊಡ್ಡದಾಗಿ ಕಾಣಬಹುದು ಎಂದು ನನಗೆ ಮೊದಲು ತಿಳಿದದ್ದು ಆ ಕತ್ತಲಲ್ಲಿ. ಹಿಂತಿರುಗುವಾಗ ಅಜ್ಜ ಒಂದು ಮಾತೂ ಆಡಲಿಲ್ಲ. ಮನೆಯ ಗೇಟಿನ ಹತ್ತಿರ ನಿಂತು ನಮ್ಮಿಬ್ಬರ ಹೆಗಲ ಮೇಲೂ ಕೈ ಇಟ್ಟು, ಒಳಗೆ ಹೋದರು.

ಆದರೆ ನಿನ್ನ ದೇವರು ಬೇರೆ. ನಿನ್ನ ನೋಟುಪುಸ್ತಕದ ರಟ್ಟಿನ ಒಳಗೆ ಶಂಕರ್‌ನಾಗ್ ಚಿತ್ರ, ವಾರಪತ್ರಿಕೆಯಿಂದ ಕತ್ತರಿಸಿ ಗಂಜಿಯಿಂದ ಅಂಟಿಸಿದ್ದು. ಆಗುಂಬೆಯ ಮಳೆಯಲ್ಲಿ ಅವರು ಚಿತ್ರಿಸಿದ ಮಾಲ್ಗುಡಿಯ ಹುಡುಗರು ನಮ್ಮ ಓಣಿಯವರೇ ಎಂದು ನೀನು ವಾದಿಸುತ್ತಿದ್ದೆ. ನನಗೂ ಹಾಗೆಯೇ ಅನ್ನಿಸುತ್ತಿತ್ತು.

ಆ ವರ್ಷ ದಸರಾ ಸೆಪ್ಟೆಂಬರ್ ಕೊನೆಗೇ ಬಂದಿತ್ತು. ಮಡಿಕೇರಿ ದಸರೆ ಎಂದರೆ ರಾತ್ರಿಯ ದಸರೆ ಎಂದು ನಿನ್ನ ಮಗಳಿಗೆ ಹೇಳು. ಪಂಪಿನಕೆರೆಯಿಂದ ಹೊರಟ ನಾಲ್ಕು ಶಕ್ತಿದೇವತೆಗಳ ಕರಗಗಳು ನವರಾತ್ರಿಯುದ್ದಕ್ಕೂ ಊರು ಸುತ್ತುತ್ತವೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ದೀಪ ಹೊತ್ತು ಬೀದಿಗಿಳಿಯುತ್ತವೆ. ರಾಕ್ಷಸನ ತಲೆ ತಿರುಗುತ್ತದೆ, ದೇವಿಯ ತೋಳು ಏಳುತ್ತದೆ, ಹೊಗೆ, ಬೆಳಕು, ವಾದ್ಯ. ಹತ್ತನ್ನೂ ನೋಡಿಯೇ ಮಲಗುವುದೆಂದು ನಾವು ಪಣ ತೊಟ್ಟಿದ್ದೆವು. ಒಂದೇ ಕಂಬಳಿ ಇಬ್ಬರೂ ಹೊದ್ದು, ಒಂದು ಮಂಟಪದಿಂದ ಇನ್ನೊಂದಕ್ಕೆ ಓಡಿದೆವು. ಏಳನೆಯದರ ಹತ್ತಿರ ನಿನಗೆ ನಿಂತಲ್ಲೇ ನಿದ್ದೆ. ನಿನ್ನನ್ನು ಅಂಗಡಿ ಜಗಲಿಯಲ್ಲಿ ಕೂರಿಸಿ, ಬಿಸಿ ಕಾಫಿ ಕುಡಿಸಿ ಎಬ್ಬಿಸಿದೆ. ಬೆಳಗಿನ ಜಾವ ಬನ್ನಿ ಕಡಿಯುವಾಗ ನಾವಿಬ್ಬರೂ ಅಲ್ಲಿದ್ದೆವು. ಹತ್ತೂ ಮಂಟಪ, ಒಂದೂ ಬಿಟ್ಟಿಲ್ಲ. ನಿನ್ನ ಅಪ್ಪ ಹೇಳಿದ್ದು ಸತ್ಯ ಮಗಳೇ.

ಆ ಗುಂಗು ಇನ್ನೂ ಇಳಿದಿರಲಿಲ್ಲ. 30ರಂದು ದಾವಣಗೆರೆಯ ಹತ್ತಿರ ರಸ್ತೆ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರು. ಸುದ್ದಿ ಬಂದಾಗ ನೀನು ಏನೂ ಹೇಳದೆ ಹೊರಟೆ, ನಾನು ಹಿಂದೆ ಬಂದೆ. ಆಟೋ ನಿಲ್ದಾಣದಲ್ಲಿ ಚಾಲಕರು ಚಿತ್ರವನ್ನು ಕುರ್ಚಿಯ ಮೇಲಿಟ್ಟು ಹೂವು ಹಾಕುತ್ತಿದ್ದರು. ದಸರೆಗೆಂದು ಆಟೋಗಳಿಗೆ ಕಟ್ಟಿದ್ದ ಚೆಂಡುಹೂವಿನ ಹಾರಗಳನ್ನೇ ಬಿಚ್ಚಿ ತಂದಿದ್ದರು, ಅರ್ಧ ಬಾಡಿದ್ದವು. ನೀನು ನೋಟುಪುಸ್ತಕ ತೆರೆದು ಆ ಚಿತ್ರವನ್ನು ಅಲ್ಲಿ ಇಡಲು ಹೋದೆ. ಅದು ರಟ್ಟಿಗೆ ಅಂಟಿಕೊಂಡಿತ್ತು, ಬಿಡಿಸಿದರೆ ಹರಿಯುತ್ತಿತ್ತು. ಒಬ್ಬ ಚಾಲಕ ನಿನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ತೆರೆದ ಹಾಗೆಯೇ ಕುರ್ಚಿಗೆ ಒರಗಿಸಿ ಇಟ್ಟರು. ಸಂಜೆ ಮಳೆ ಬರುವ ಮೊದಲು ನೆನಪಿಟ್ಟು ಮನೆಗೆ ತಂದುಕೊಟ್ಟರು.

1991ರ ಬೇಸಿಗೆಗೆ ನಿಮ್ಮ ಅಪ್ಪನಿಗೆ ಮತ್ತೆ ವರ್ಗವಾಯಿತು. ಅದರ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ.

ಈಗಿನ ವಿಷಯ ಹೇಳುತ್ತೇನೆ. ಸುಬೇದಾರ್ ಅಜ್ಜನ ಮನೆ ಹೋಂಸ್ಟೇ ಆಗಿದೆ. ಜಗಲಿ ಹಾಗೆಯೇ ಉಳಿಸಿದ್ದಾರೆ, ಪುಣ್ಯ. ನಾವು ಚೆಂಡು ಹುಡುಕುತ್ತಿದ್ದ ತೋಟದಲ್ಲಿ ಮನೆಗಳಾಗಿವೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲೆ ಮಳೆಯನ್ನು ಕೇಳುವ ನಮ್ಮ ಕಿವಿಯೇ ಬದಲಾಗಿದೆ. ರಾತ್ರಿ ಜೋರಾದರೆ ಎದ್ದು ಕೂರುತ್ತೇವೆ. ನನ್ನ ಕಿರಿಯ ಮಗಳು ಮಳೆಗೆ ಹೆದರುತ್ತಾಳೆ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಸಂಗತಿ. ಬಾಯಿ ತೆರೆದು ಮಳೆ ಕುಡಿದ ಬಳ್ಳಾರಿಯ ಹುಡುಗನ ಕಥೆಯನ್ನು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳೂ ನಂಬುವುದಿಲ್ಲ. ಆದ್ದರಿಂದ ನೀನೂ ಬಂದು ನನ್ನ ಪರವಾಗಿ ಸಾಕ್ಷಿ ಹೇಳಬೇಕು.

ಅರಮನೆಯಿಂದ ಕಚೇರಿಗಳೆಲ್ಲ ಬೇರೆ ಕಡೆಗೆ ಹೋದವು. ನಿಮ್ಮ ಅಪ್ಪ ಕೂರುತ್ತಿದ್ದ ಕಿಟಕಿಯನ್ನು ಹೊರಗಿನಿಂದಲೇ ತೋರಿಸುತ್ತೇನೆ. ಈ ಸಲ ದಸರೆಗೆ ಬಾ. ಮಗಳನ್ನು ಕರೆದುಕೊಂಡು ಬಾ. ಅವಳಿಗೆ ದಪ್ಪ ಸ್ವೆಟರ್ ಇರಲಿ, ರಾತ್ರಿಯಿಡೀ ಹೊರಗಿರಬೇಕು. ಕಂಬಳಿ ನಾನು ತರುತ್ತೇನೆ. ಬಸ್ಸು ಇಳಿದು ಮನೆ ಹುಡುಕಬೇಡ, ರಸ್ತೆಗಳು ಬದಲಾಗಿವೆ, ತಪ್ಪಿಹೋಗುತ್ತೀಯೆ. ನೇರವಾಗಿ ಕೋಟೆಗೆ ಬಾ. ಎಡಗಡೆಯ ಆನೆಯ ಹತ್ತಿರ ನಿಂತಿರುತ್ತೇನೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ,
ಓಣಿಯ ಗೆಳೆಯ